ಗೇಮ್ ಅಂದ್ರೆ ಮೂಗು ಮುರಿಯೋರನ್ನ ಆಟಕ್ಕೆ ಕೂರಿಸೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಗೇಮ್ ಪಾರ್ಲರ್ ಇದೆ. ಬರುವವರಲ್ಲಿ ಕಾಲೇಜು ಹುಡುಗರೇ ಜಾಸ್ತಿ. ಅವರ ಜೊತೆ ಬಂದು, ಕುರ್ಚಿ ಅಂಚಿಗೆ ಕೂತು, ಸುಮ್ನೆ ಫೋನ್ ನೋಡುತ್ತಾ ಕಾಯುವ ಅಕ್ಕ, ಅಪ್ಪ, ಹೆಂಡತಿ, ಗೆಳೆಯ ಇವರೂ ಇರುತ್ತಾರೆ. "ಇವರನ್ನೂ ಆಡಿಸೋದು ಹೇಗ್ರೀ?" ಅನ್ನುವುದು ಕೌಂಟರ್‌ಗೆ ದಿನಾ ಬರುವ ಪ್ರಶ್ನೆ. ಇಂಜಿನಿಯರಿಂಗ್ ಓದುತ್ತಾ ಸ್ವಂತ ಗೇಮ್ ಮಾಡುತ್ತಿರುವ ಹುಡುಗ ಹುಡುಗಿಯರದ್ದೂ ಇದೇ ಪ್ರಶ್ನೆ, ಕೇಳುವ ರೀತಿ ಬೇರೆ ಅಷ್ಟೇ. ಎಲ್ಲರಿಗೂ ಸೇರಿಸಿ ಇಲ್ಲಿ ಬರೆದಿಟ್ಟಿದ್ದೇನೆ.

ಗೇಮ್ ಬೇಡ ಅನ್ನೋರು ಯಾಕೆ ಬೇಡ ಅಂತಾರೆ?

"ಟೈಮ್ ಇಲ್ಲ" ಅಂತಾರೆ. "ಅದೆಲ್ಲ ಮಕ್ಕಳಾಟ" ಅಂತಾರೆ. ಎರಡೂ ಪೂರ್ತಿ ನಿಜ ಅಲ್ಲ. ಅದೇ ಜನ ಸಂಜೆ ಕಟ್ಟೆ ಮೇಲೆ ಕೂತು ಇಸ್ಪೀಟು ಹಾಕುತ್ತಾರೆ, ರಾತ್ರಿ ಹನ್ನೊಂದಾದರೂ ಐಪಿಎಲ್ ಬಿಟ್ಟು ಏಳುವುದಿಲ್ಲ. ಕೌಂಟರ್ ಹಿಂದೆ ಕೂತು ನೋಡಿದ ಮಟ್ಟಿಗೆ ಹೇಳುತ್ತೇನೆ. ಅವರಿಗೆ ಸೋಲುವುದು ಕಷ್ಟ ಅಲ್ಲ. ನಾಲ್ಕು ಜನರ ಮುಂದೆ ಪೆದ್ದರ ಥರ ಕಾಣುವುದು ಕಷ್ಟ. ಅದರಲ್ಲೂ ಮಗನ ಮುಂದೆ, ಅಳಿಯನ ಮುಂದೆ. ಚೌಕಾಬಾರದಲ್ಲಿ ಸೋತರೆ ಕವಡೆ ಸರಿಯಾಗಿ ಬೀಳಲಿಲ್ಲ ಅಂತ ಹೇಳಿ ಎದ್ದು ಹೋಗಬಹುದು. ಟಿವಿ ಪರದೆ ಮೇಲೆ ನಮ್ಮ ಗೊಂಬೆ ಗೋಡೆಗೆ ಮುಖ ಕೊಟ್ಟು ಓಡುತ್ತಾ ನಿಂತರೆ ತಪ್ಪನ್ನು ಯಾರ ಮೇಲೆ ಹಾಕೋದು?

ಕೆಳಗಿನ ಉತ್ತರಗಳೆಲ್ಲ ಈ ಒಂದೇ ಮಾತಿನ ಸುತ್ತ ಇವೆ. ಮೊದಲ ಐದು ನಿಮಿಷ ಅವರ ಮರ್ಯಾದೆ ಉಳಿಯಬೇಕು. ಗೇಮ್ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಆಮೇಲಿನ ಮಾತು.

ನಮ್ಮಮ್ಮ "ನಂಗೆ ಗೇಮ್ ಬರಲ್ಲ" ಅಂತಾರೆ. ಆದ್ರೆ ಮಧ್ಯಾಹ್ನ ಪೂರ್ತಿ ಕ್ಯಾಂಡಿ ಕ್ರಶ್ ಆಡ್ತಾರೆ. ಏನನ್ನೋದು ಇದಕ್ಕೆ?

ಏನೂ ಅನ್ನಬೇಡಿ. "ನೋಡಮ್ಮ, ನೀನೂ ಗೇಮರ್ರೇ" ಅಂತ ವಾದಕ್ಕಂತೂ ಇಳಿಯಬೇಡಿ. ಸುಮ್ಮನೆ ಪಕ್ಕದಲ್ಲಿ ಕೂತು ಅವರು ಆಡೋದನ್ನ ನೋಡಿ. ಒಂದು ಬೆರಳು ಸಾಕು. ಬಹುಪಾಲು ಲೆವೆಲ್‌ಗಳಲ್ಲಿ ಗಡಿಯಾರ ಓಡುವುದಿಲ್ಲ, ನಡೆಗಳ ಲೆಕ್ಕ ಅಷ್ಟೇ. ಹಾಗಾಗಿ ಕುಕ್ಕರ್ ಕೂಗಿದರೆ ಫೋನ್ ಕೆಳಗಿಟ್ಟು ಹೋಗಿ, ವಾಪಸ್ ಬಂದು, ಬಿಟ್ಟ ಜಾಗದಿಂದಲೇ ಮುಂದುವರಿಸಬಹುದು. ಸೋತರೂ ಯಾರೂ ನೋಡುತ್ತಿರುವುದಿಲ್ಲ. 2012ರಲ್ಲಿ ಬಂದ ಆಟ ಇನ್ನೂ ಅವರ ಫೋನಲ್ಲಿದೆ ಅಂದರೆ ಕಾರಣ ಇವೇ.

ಮುಂದಿನ ಗೇಮ್ ತೋರಿಸುವಾಗ ಈ ಗುಣಗಳನ್ನು ಬಿಟ್ಟುಕೊಡಬೇಡಿ. ಕ್ಯಾಂಡಿ ಕ್ರಶ್‌ನಿಂದ ನೇರ ಪ್ಲೇಸ್ಟೇಷನ್‌ಗೆ, ಅಂದರೆ ಟಿವಿಗೆ ಹಾಕಿ ಆಡುವ ಕನ್ಸೋಲ್‌ಗೆ, ಹಾರಿಸುವುದು ಬೇಡ. 2014ರ ಮಾನ್ಯುಮೆಂಟ್ ವ್ಯಾಲಿ ಅನ್ನುವ ಒಗಟಿನ ಗೇಮ್ ಒಳ್ಳೆಯ ನಡುವಿನ ಮೆಟ್ಟಿಲು. ಅದೂ ಬೆರಳಲ್ಲೇ ಆಡುವುದು. ಅವಸರ ಇಲ್ಲ, ಸಾಯುವುದೂ ಇಲ್ಲ, ನೋಡೋಕೆ ಬಲು ಚೆಂದ.

ಮೊದಲ ಸಲಕ್ಕೆ ಯಾವ ಗೇಮ್ ಹಾಕಲಿ?

ಮೊದಲು ಯಾವುದು ಬೇಡ ಅಂತ ಹೇಳಿಬಿಡುತ್ತೇನೆ. ನಿಮಗೆ ತುಂಬಾ ಇಷ್ಟವಾದ ಗೇಮ್ ಬೇಡ. ಅದು ನಿಮಗೆ ಇಷ್ಟವಾಗೋಕೆ ಹತ್ತು ವರ್ಷದ ಅಭ್ಯಾಸ ಹಿಂದಿದೆ. ಹುಡುಗರು ಹೆಂಡತಿಗೆ ಅಂತ ಫುಟ್ಬಾಲ್ ಗೇಮ್ ಹಾಕಿಸುತ್ತಾರೆ. ಪಾಸ್‌ಗೆ ಒಂದು ಬಟನ್, ಶಾಟ್‌ಗೆ ಒಂದು, ಓಡೋಕೆ ಒಂದು, ಆಟಗಾರನ್ನ ಬದಲಾಯಿಸೋಕೆ ಇನ್ನೊಂದು. ಎದುರಿಗೆ ಗೋಲ್ ಹೊಡೆದು ಕುಣಿಯುವ ಗಂಡ. ಎರಡನೇ ಸಲ ಆ ಹೆಣ್ಣುಮಗಳು ಪಾರ್ಲರ್ ಕಡೆ ತಲೆ ಹಾಕಿಲ್ಲ ಅಂದರೆ ಆಶ್ಚರ್ಯ ಏನಿದೆ?

ಈ ವಿಷಯದಲ್ಲಿ ಇವತ್ತಿಗೂ ಪಾಠ ಹೇಳುವುದು 2006ರ ವೀ ಸ್ಪೋರ್ಟ್ಸ್. ನಿಂಟೆಂಡೊದ ವೀ ಕನ್ಸೋಲ್ ಜೊತೆ ಹಲವು ದೇಶಗಳಲ್ಲಿ ಪುಕ್ಕಟೆ ಬಂದ ಗೇಮ್. 8 ಕೋಟಿಗೂ ಹೆಚ್ಚು ಪ್ರತಿ ಜನರ ಕೈ ಸೇರಿತು. ಅದರ ಬೌಲಿಂಗ್ ನೋಡಿ. ರಿಮೋಟ್ ಹಿಂದಿನ ಒಂದು ಬಟನ್ ಒತ್ತಿ ಹಿಡಿಯುವುದು, ತೋಳು ಹಿಂದಕ್ಕೆ ತಂದು ಮುಂದಕ್ಕೆ ಬೀಸುವುದು, ಬಟನ್ ಬಿಡುವುದು. ಚೆಂಡು ಉರುಳಿತು. ಇಷ್ಟೇ. ಗೋಲಿ, ಬುಗುರಿ, ಲಗೋರಿ ಆಡಿದ ಕೈಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಇನ್ನೊಂದು ಜಾಣತನ ಅಂದರೆ ಸರದಿ. ಒಬ್ಬರು ಎಸೆಯುವಾಗ ಉಳಿದವರು ನಗಬಹುದು, ಮಂಡಕ್ಕಿ ತಿನ್ನಬಹುದು. ಕೆಟ್ಟದಾಗಿ ಎಸೆದರೂ ಬಹಳ ಸಲ ಒಂದೆರಡು ಪಿನ್ ಬೀಳುತ್ತವೆ.

ಈಗ ಅದರ ಜಾಗಕ್ಕೆ 2022ರ ನಿಂಟೆಂಡೊ ಸ್ವಿಚ್ ಸ್ಪೋರ್ಟ್ಸ್ ಇದೆ. ಪ್ಲೇಸ್ಟೇಷನ್ 5 ಇದ್ದರೆ ಅದರೊಳಗೇ ಉಚಿತವಾಗಿ ಬರುವ ಆಸ್ಟ್ರೋಸ್ ಪ್ಲೇರೂಮ್ ಹಾಕಿ. ಸೋತರೆ ಎರಡು ಹೆಜ್ಜೆ ಹಿಂದಕ್ಕೆ ಹೋಗುತ್ತೀರಿ ಅಷ್ಟೇ. ಫೋನ್ ಒಂದೇ ಇದ್ದರೆ ಲೂಡೊ ಕಿಂಗ್. 2016ರಲ್ಲಿ ನವಿ ಮುಂಬೈಯವರು ತಂದ ಈ ಆಟ 2020ರ ಲಾಕ್‌ಡೌನ್‌ನಲ್ಲಿ ಮನೆಮನೆ ಹೊಕ್ಕಿತು. ನಿಯಮ ಹೇಳಿಕೊಡುವ ತಾಪತ್ರಯವೇ ಇಲ್ಲವಲ್ಲ!

ಕಂಟ್ರೋಲರ್ ಕೈಗೆ ಕೊಟ್ಟ ತಕ್ಷಣ ಕ್ಯಾಮೆರಾ ಆಕಾಶ ನೋಡುತ್ತೆ, ಇಲ್ಲ ನೆಲ ನೋಡುತ್ತೆ. ಏನ್ಮಾಡೋದು?

ಗೇಮ್ ಆಡಿ ಬೆಳೆದವರಿಗೆ ಇದು ಕಷ್ಟ ಅಂತ ಹೊಳೆಯುವುದೇ ಇಲ್ಲ. ಕಂಟ್ರೋಲರ್ ಮೇಲೆ ಎರಡು ಪುಟ್ಟ ಸ್ಟಿಕ್ ಇರುತ್ತವೆ. ಎಡಗೈ ಹೆಬ್ಬೆರಳಿನದ್ದು ಗೊಂಬೆಯ ಕಾಲು, ಬಲಗೈ ಹೆಬ್ಬೆರಳಿನದ್ದು ಕಣ್ಣು, ಅಂದರೆ ಕ್ಯಾಮೆರಾ. ನಡೆಯುತ್ತಲೇ ನೋಡಬೇಕು, ನೋಡುತ್ತಲೇ ನಡೆಯಬೇಕು. ಹೊಸಬರನ್ನ ಗಮನಿಸಿ. ಎರಡೂ ಸ್ಟಿಕ್ ಒಟ್ಟಿಗೆ ಒತ್ತುತ್ತಾರೆ. ಗೊಂಬೆ ಮುಂದೆ ಹೋಗುತ್ತದೆ, ಕಣ್ಣು ಮೇಲಕ್ಕೆ ಹೋಗುತ್ತದೆ. ಗಾಬರಿಯಾಗಿ ಕಂಟ್ರೋಲರನ್ನೇ ಎತ್ತಿ ಬಲಕ್ಕೆ ವಾಲಿಸುತ್ತಾರೆ. ಜೊತೆಗೆ ಭುಜ, ಕತ್ತು, ಕೊನೆಗೆ ಕುರ್ಚಿಯೂ ವಾಲುತ್ತದೆ. ಅಷ್ಟರಲ್ಲಿ "ಬ್ಯಾಡ ಬಿಡ್ರಿ, ನೀವೇ ಆಡ್ರಿ" ಬಂದಾಯಿತು.

ಕ್ಯಾಮೆರಾ ತಾನೇ ನೋಡಿಕೊಳ್ಳುವ ಗೇಮ್ ಹಾಕುವುದೇ ಸುಲಭದ ದಾರಿ. ಎಡದಿಂದ ಬಲಕ್ಕೆ ಓಡುವ ಹಳೇ ಮಾದರಿ ಮಾರಿಯೊ ಆಟಗಳು, ರೇಸಿಂಗ್, ಮೇಲಿಂದ ನೋಡುವ ಗೇಮ್‌ಗಳು. 2016ರ ಓವರ್‌ಕುಕ್ಡ್ ಇಂಥದ್ದು. ಅಡುಗೆಮನೆ ಪೂರ್ತಿ ಒಂದೇ ಪರದೆಯಲ್ಲಿ ಕಾಣುತ್ತದೆ. ತಗೋ, ಹೆಚ್ಚು, ಬೇಯಿಸು, ಕೊಡು. ಮನೆಯಲ್ಲಿ ದಿನಾ ಹತ್ತು ಜನಕ್ಕೆ ಅಡುಗೆ ಮಾಡುವವರು ಇದರಲ್ಲಿ ಹುಡುಗರಿಗಿಂತ ಬೇಗ ಪಳಗುತ್ತಾರೆ. ಯಾವುದು ಮೊದಲು ಒಲೆ ಹತ್ತಬೇಕು, ಯಾರು ಪಾತ್ರೆ ತೊಳೀಬೇಕು ಅಂತ ಜೋರು ಮಾಡಿ ಹೇಳುವುದೂ ಅವರೇ. ಅನುಭವ ಇರುವವರ ಕೈಗೆ ಅವರ ಅನುಭವವೇ ಬೇಕಾದ ಗೇಮ್ ಸಿಕ್ಕರೆ ಪೆದ್ದರಾಗುವ ಸರದಿ ನಿಮ್ಮದು. ಟೈಮರ್ ಕಾಟ ಅನ್ನಿಸಿದರೆ 2020ರಲ್ಲಿ ಬಂದ 'ಆಲ್ ಯು ಕ್ಯಾನ್ ಈಟ್' ಆವೃತ್ತಿಯಲ್ಲಿ ಆಟ ಸುಲಭ ಮಾಡಿಕೊಡುವ ಅಸಿಸ್ಟ್ ಮೋಡ್ ಇದೆ.

ಎಕ್ಸ್‌ಬಾಕ್ಸ್ ಕನ್ಸೋಲ್ ಇದ್ದರೆ ಇನ್ನೊಂದು ಉಪಾಯ. 2017ರಿಂದ ಅದರಲ್ಲಿ ಕೋಪೈಲಟ್ ಅನ್ನುವ ಸೌಲಭ್ಯ ಇದೆ. ಎರಡು ಕಂಟ್ರೋಲರ್ ಸೇರಿ ಒಬ್ಬನೇ ಆಟಗಾರ. ಅವರು ನಡೆಯಲಿ, ಕ್ಯಾಮೆರಾ ನೀವು ತಿರುಗಿಸಿ. ಸೈಕಲ್ ಕಲಿಸುವಾಗ ಸೀಟು ಹಿಡಿದು ಹಿಂದೆ ಓಡಿದ ಹಾಗೆ.

ಪಕ್ಕದಲ್ಲಿ ಕೂತು ಹೇಳಿಕೊಡಬೇಕಾ?

ಕೂತ್ಕೊಳ್ಳಿ. ಕೇಳುವ ತನಕ ಬಾಯಿ ಬಿಡಬೇಡಿ. "ಎಕ್ಸ್ ಒತ್ತು, ಎಕ್ಸ್, ಎಕ್ಸ್! ಅಯ್ಯೋ ಎಕ್ಸ್ ಅಂದ್ನಲ್ಲ" ಅನ್ನುವ ಹುಡುಗರನ್ನ ಪಾರ್ಲರ್‌ನಲ್ಲಿ ನಾನು ಚಹಾ ತರೋಕೆ ಕಳಿಸುತ್ತೇನೆ. ಹೊಸಬರ ಕೈಯಿಂದ ಕಂಟ್ರೋಲರ್ ಕಿತ್ತುಕೊಂಡು "ಹೀಗೆ ನೋಡು" ಅಂತ ತೋರಿಸುವುದಂತೂ ಕೂಡದು.

ಈಸಿ ಮೋಡ್ ಹಾಕಿದ್ರೆ ಅವಮಾನ ಅನ್ಸಲ್ವಾ?

ಅನ್ನಿಸುತ್ತದೆ, ಎಲ್ಲರ ಎದುರು ಜೋರಾಗಿ ಹೇಳಿ ಹಾಕಿದರೆ. ಅವರು ಕೂರುವ ಮೊದಲೇ ಸೆಟ್ ಮಾಡಿಡಿ.

ಒಳ್ಳೆಯ ಗೇಮ್‌ಗಳು ಈ ಸಹಾಯವನ್ನು ನಾಜೂಕಾಗಿ ಕೊಡುತ್ತವೆ. 2017ರ ಮಾರಿಯೊ ಕಾರ್ಟ್ 8 ಡೀಲಕ್ಸ್‌ನಲ್ಲಿ ಸ್ಮಾರ್ಟ್ ಸ್ಟೀರಿಂಗ್ ಇದೆ, ಗಾಡಿ ರಸ್ತೆ ಬಿಟ್ಟು ಹೊರಗೆ ಹೋಗಲು ಬಿಡುವುದಿಲ್ಲ. ಆಕ್ಸಿಲರೇಟರ್ ಕೂಡ ತಾನೇ ಒತ್ತಿಕೊಳ್ಳುವಂತೆ ಮಾಡಬಹುದು. ಐದು ವರ್ಷದ ಮಗು, ಅರವತ್ತರ ಅಜ್ಜ, ದಿನಾ ಆಡುವ ಹುಡುಗ ಒಂದೇ ರೇಸಲ್ಲಿ ಇರಬಹುದು. ಅಜ್ಜ ಗೆಲ್ಲದೇ ಇರಬಹುದು, ಆದರೆ ಗೋಡೆಗೆ ಗುದ್ದಿಕೊಂಡು ನಿಲ್ಲುವುದಿಲ್ಲ. 2018ರ ಸೆಲೆಸ್ಟ್ ಇನ್ನೂ ಒಂದು ಹೆಜ್ಜೆ ಮುಂದೆ. ಅದು ಬೆಟ್ಟ ಹತ್ತುವ, ಬಲು ಕಷ್ಟದ ಗೇಮ್. ಆದರೆ ಅಸಿಸ್ಟ್ ಮೋಡ್‌ನಲ್ಲಿ ಆಟದ ವೇಗವನ್ನೇ ಅರ್ಧಕ್ಕೆ ಇಳಿಸಬಹುದು, ಸುಸ್ತಾಗದ ಹಾಗೆ, ಸಾಯದ ಹಾಗೆ ಮಾಡಿಕೊಳ್ಳಬಹುದು. ಯಾವುದು ಎಷ್ಟು ಬೇಕು ಅಂತ ಆಡುವವರೇ ಆರಿಸಿಕೊಳ್ಳುತ್ತಾರೆ.

ಬೇಕಂತಲೇ ಸೋಲಬಹುದಾ?

ಮಕ್ಕಳ ಹತ್ತಿರ ನಡೆಯುತ್ತದೆ. ದೊಡ್ಡವರಿಗೆ ತಕ್ಷಣ ಗೊತ್ತಾಗುತ್ತದೆ, ಕೋಪವೂ ಬರುತ್ತದೆ. ಅದರ ಬದಲು ಒಂದೇ ಕಡೆ ಸೇರಿ ಆಡುವ ಗೇಮ್ ಹಾಕಿ.

ನನ್ನ ಹೆಂಡತಿ "ನೀವು ಆಡಿ, ನಾನು ನೋಡ್ತೀನಿ" ಅಂತಾಳೆ. ಒತ್ತಾಯ ಮಾಡ್ಲಾ?

ಬೇಡ. ನೋಡುವುದೂ ಆಟದ ಒಂದು ಭಾಗವೇ. ಹುಲಿ ಕುರಿ ಆಟ ನಡೆಯುವಾಗ ಆಡುವವರು ಇಬ್ಬರು, ಸುತ್ತ ನಿಂತು "ಅಲ್ಲಿಡೋ, ಅಲ್ಲಿಡೋ" ಅನ್ನುವವರು ಆರು ಜನ. ಆ ಆರು ಜನಕ್ಕೆ ಮಜಾ ಕಮ್ಮಿ ಇರುತ್ತದಾ?

ಅವರ ಕಣ್ಣಿಗೆ ಕೆಲಸ ಇರುವ ಗೇಮ್ ಆರಿಸಿ. ಕಥೆ ಇರುವುದು, ಒಗಟು ಇರುವುದು, ಪತ್ತೇದಾರಿ ಇರುವುದು. "ಯಾವ ಬಾಗಿಲು ತೆಗೀಲಿ?" ಅಂತ ನಿಜವಾಗಿ ಕೇಳಿ, ಹೇಳಿದ್ದನ್ನೇ ಮಾಡಿ, ತಪ್ಪಾದರೂ ಸರಿ. ಆಮೇಲೆ ಸಣ್ಣದೊಂದು ಕೆಲಸ ಕೊಡುವ ಗೇಮ್‌ಗೆ ಹೋಗಬಹುದು. 2007ರ ಸೂಪರ್ ಮಾರಿಯೊ ಗ್ಯಾಲಕ್ಸಿಯಲ್ಲಿ ಎರಡನೆಯವರು ರಿಮೋಟ್ ತೋರಿಸಿ ನಕ್ಷತ್ರದ ಚೂರು ಆರಿಸಿದರೆ ಸಾಕು, ಸಾಯುವ ಭಯವೇ ಇಲ್ಲ. 2017ರ ಸೂಪರ್ ಮಾರಿಯೊ ಒಡಿಸ್ಸಿಯಲ್ಲಿ ಎರಡನೆಯವರು ಮಾರಿಯೊನ ಟೋಪಿ ಆಗುತ್ತಾರೆ. ಟೋಪಿ ಅಂದರೆ ಸಣ್ಣ ಪಾತ್ರ ಅಂದ್ಕೋಬೇಡಿ, ಹಾರಿ ಹೋಗಿ ಶತ್ರುಗೆ ಹೊಡೆಯುವುದು ಅದೇ.

ದುಗ್ಗಮ್ಮನ ಜಾತ್ರೆಗೆ ಮನೆ ತುಂಬಾ ನೆಂಟರು. ಕಂಟ್ರೋಲರ್ ಎರಡೇ ಇವೆ.

ಸರದಿ ಚಿಕ್ಕದಿರಬೇಕು. ಒಬ್ಬರಿಗೆ ಎರಡು ನಿಮಿಷ ದಾಟಬಾರದು. ಬೌಲಿಂಗ್ ಸರಿ ಹೋಗುತ್ತದೆ. ಕಂಪ್ಯೂಟರ್‌ನಲ್ಲಿ ಸ್ಟಿಕ್ ಕ್ರಿಕೆಟ್ ಥರದ್ದು ಇನ್ನೂ ಒಳ್ಳೆಯದು. ಎಡಕ್ಕೋ ಬಲಕ್ಕೋ, ಯಾವಾಗ ಬೀಸಬೇಕೋ, ಇಷ್ಟೇ ಯೋಚನೆ. ಔಟಾದವರು ಎದ್ದು ಮುಂದಿನವರಿಗೆ ಜಾಗ ಬಿಡುವುದು. ಕ್ರಿಕೆಟ್ ನಿಯಮ ಯಾರಿಗೂ ಹೇಳಬೇಕಿಲ್ಲ, ಮಾವಂದಿರು ನಿಮಗೇ ಹೇಳುತ್ತಾರೆ. ಸೈಬರ್ ಕೆಫೆ ಕಾಲದ ಕ್ರಿಕೆಟ್ 07 ಆಡಿ ಬೆಳೆದ ಚಿಕ್ಕಪ್ಪ ಯಾರಾದರೂ ಇದ್ದರೆ ಅವರನ್ನ ಕೊನೆಗೆ ಇಡಿ. ಇಲ್ಲದಿದ್ದರೆ ಅವರು ಔಟೇ ಆಗುವುದಿಲ್ಲ.

ಇನ್ನೊಂದು ಮಾತು. ಅಪ್‌ಡೇಟ್‌ಗಳನ್ನ ಹಿಂದಿನ ರಾತ್ರಿಯೇ ಮುಗಿಸಿಡಿ. ಆಡೋಕೆ ಒಪ್ಪದ ಅತ್ತೆಯನ್ನ ಹೇಗೋ ಒಪ್ಪಿಸಿ ಕೂರಿಸಿದ ಮೇಲೆ ಪರದೆ ಮೇಲೆ ಡೌನ್‌ಲೋಡ್ ಗೆರೆ ತೆವಳುತ್ತಿದ್ದರೆ ಕಥೆ ಮುಗಿಯಿತು.

ನಮ್ಮ ಮಾವ ರೈತರು. ಅವರಿಗೆ ಬೇಸಾಯದ ಗೇಮ್ ತೋರಿಸ್ಲಾ?

ಸ್ಟಾರ್‌ಡ್ಯೂ ವ್ಯಾಲಿ ಚೆಂದದ ಗೇಮ್, 2016ರದ್ದು, ಒಬ್ಬನೇ ಮನುಷ್ಯ ಮಾಡಿದ್ದು. ಆದರೆ ಹಗಲೆಲ್ಲ ಮೆಕ್ಕೆಜೋಳದ ಹೊಲದಲ್ಲಿ ನಿಂತು ಬಂದವರಿಗೆ ಸಂಜೆ ಮತ್ತೆ ಕಳೆ ಕೀಳಿಸುವುದು ಯಾವ ನ್ಯಾಯ? ಕೆಲವರಿಗೆ ಇಷ್ಟವಾಗುತ್ತದೆ, ನಿಜ. ಇಲ್ಲಿ ನೋಡಿಕೊಂಡರೆ ಬಿತ್ತಿದ್ದು ಬಹುಮಟ್ಟಿಗೆ ಬರುತ್ತದೆ, ರೇಟ್ ಬೀಳುವುದಿಲ್ಲ. ನನ್ನ ಕೇಳಿದರೆ ವಿಮಾನ ಹಾರಿಸಿ. 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಇಡೀ ಭೂಮಿ ಇದೆ. ಸಹಾಯದ ಆಯ್ಕೆಗಳನ್ನೆಲ್ಲ ಆನ್ ಮಾಡಿ ಸೂಳೆಕೆರೆ ಹುಡುಕೋಕೆ ಹೇಳಿ. ಅಲ್ಲಿಂದ ತಮ್ಮ ಊರಿಗೆ ದಾರಿ ಅವರೇ ಕಂಡುಕೊಳ್ಳುತ್ತಾರೆ.

ಆಡುವಾಗ ತಲೆ ಸುತ್ತುತ್ತೆ, ವಾಂತಿ ಬಂದಂಗಾಗುತ್ತೆ ಅಂತಾರೆ. ನೆಪನಾ?

ನೆಪ ಅಲ್ಲ. ಕಣ್ಣು "ಓಡ್ತಿದ್ದೀವಿ" ಅನ್ನುತ್ತದೆ, ಒಳಕಿವಿ "ಕೂತಿದ್ದೀವಿ" ಅನ್ನುತ್ತದೆ. ಎರಡಕ್ಕೂ ತಾಳೆಯಾಗದೆ ಹೊಟ್ಟೆ ತೊಳೆಸುತ್ತದೆ. ಪಾತ್ರದ ಕಣ್ಣಿನಿಂದಲೇ ನೋಡುವ ಗೇಮ್‌ಗಳಲ್ಲಿ ಇದು ಜಾಸ್ತಿ. ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ ಶೇಕ್ (ಪರದೆ ಅಲುಗುವುದು), ಮೋಷನ್ ಬ್ಲರ್ (ಓಡುವಾಗ ಚಿತ್ರ ಮಸುಕಾಗುವುದು) ಆಫ್ ಮಾಡಿ, ಫೀಲ್ಡ್ ಆಫ್ ವ್ಯೂ (ಒಮ್ಮೆಗೆ ಕಾಣುವ ಅಗಲ) ಜಾಸ್ತಿ ಮಾಡಿ. ಟಿವಿಯಿಂದ ದೂರ ಕೂರಿಸಿ, ಲೈಟ್ ಹಾಕಿ. ಆದರೂ ಆಗುತ್ತಿದ್ದರೆ ನಿಲ್ಲಿಸಿ. ಅಭ್ಯಾಸ ಆಗುತ್ತೆ ಅಂತ ಹಟ ಹಿಡಿದು ಆಡಿಸಬೇಡಿ.

ಇಂಗ್ಲಿಷ್ ಓದೋಕೆ ಬರಲ್ಲ. ಕನ್ನಡದಲ್ಲಿ ಗೇಮ್ ಇಲ್ವಾ?

ದೊಡ್ಡ ಕನ್ಸೋಲ್ ಗೇಮ್‌ಗಳಲ್ಲಿ ಕನ್ನಡ ಸಿಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಓದುವುದೇ ಬೇಡದ ಗೇಮ್ ಆರಿಸಿ. ಹೆಸರು ಹಾಕುವುದು, ಷರತ್ತು ಒಪ್ಪುವುದು, ಮೆನು ದಾಟುವುದು ಇದೆಲ್ಲ ನೀವೇ ಮುಗಿಸಿ, ಆಟ ಶುರುವಾಗುವ ಜಾಗಕ್ಕೆ ತಂದು ನಿಲ್ಲಿಸಿ ಕೊಡಿ.

ನಾನು ಗೇಮ್ ಮಾಡ್ತಿರೋ ವಿದ್ಯಾರ್ಥಿ. ಆಟ ಹೇಳಿಕೊಡೋ ಟ್ಯುಟೋರಿಯಲ್ ಎಷ್ಟು ಉದ್ದ ಇರಬೇಕು?

ಇರಲೇಬಾರದು. ಅಥವಾ ಅದು ಟ್ಯುಟೋರಿಯಲ್ ಅಂತ ಗೊತ್ತಾಗಬಾರದು.

1985ರ ಸೂಪರ್ ಮಾರಿಯೊ ಬ್ರದರ್ಸ್ ಮೊದಲ ಪರದೆ ತೆಗೆದು ನೋಡಿ. ಮಾರಿಯೊ ಎಡಗಡೆ ನಿಂತಿದ್ದಾನೆ, ಬಲಗಡೆ ಪೂರ್ತಿ ಖಾಲಿ. ಎತ್ತ ಹೋಗಬೇಕು ಅಂತ ಬರೆಯಬೇಕಿಲ್ಲ. ಮುಂದೆ ಒಂದು ಶತ್ರು ನಿಧಾನಕ್ಕೆ ಬರುತ್ತದೆ. ಹಾರಲಿಲ್ಲ ಅಂದರೆ ಸತ್ತೆ, ಆದರೆ ಆಟ ಶುರುವಾಗಿ ಕೆಲವೇ ಸೆಕೆಂಡು ಆಗಿದೆ, ನಷ್ಟ ಏನೂ ಇಲ್ಲ. ಆಮೇಲೆ ಪ್ರಶ್ನೆ ಚಿಹ್ನೆಯ ಪೆಟ್ಟಿಗೆಗೆ ತಲೆ ತಾಗಿದರೆ ಅಣಬೆ ಹೊರಬರುತ್ತದೆ, ಬಲಕ್ಕೆ ಹೋಗಿ ಕೆಳಗೆ ಬಿದ್ದು, ಕೊಳವೆಗೆ ಬಡಿದು ನಿಮ್ಮ ಕಡೆಗೇ ವಾಪಸ್ ಬರುತ್ತದೆ. ಹೆದರಿ ತಪ್ಪಿಸಿಕೊಳ್ಳೋಕೆ ನೋಡಿದರೂ ಬಹಳ ಸಲ ಅದು ನಿಮಗೆ ತಾಗುತ್ತದೆ, ನೀವು ದೊಡ್ಡವರಾಗುತ್ತೀರಿ. ಒಂದು ಸಾಲು ಬರೆಯದೆ ಇಷ್ಟು ಹೇಳಿಕೊಟ್ಟಾಯಿತು. 1990ರಲ್ಲಿ ವಿಂಡೋಸ್ 3.0 ಜೊತೆ ಬಂದ ಸಾಲಿಟೇರ್ ಕೂಡ ಹೀಗೇ. ಎಲೆ ಎಳೆದು ಬಿಡುತ್ತಾ ಬಿಡುತ್ತಾ ಎಷ್ಟೋ ಆಫೀಸು ಗುಮಾಸ್ತರಿಗೆ ಮೌಸ್ ಹಿಡಿಯೋದು ಅಭ್ಯಾಸವಾಯಿತು.

ಟೆಸ್ಟ್ ಮಾಡಿಸೋಕೆ ಹಾಸ್ಟೆಲ್ ರೂಮ್‌ಮೇಟ್ ಬೇಡ, ಅವನು ಗೇಮರ್. ಮಿರ್ಚಿ ಅಂಗಡಿಯಲ್ಲಿ ಪಕ್ಕ ಕೂತವರಿಗೆ ಕೊಡಿ. "ಇದೊಂದು ಗೇಮ್ ಮಾಡಿದೀನಿ, ನೋಡ್ತೀರಾ?" ಅಷ್ಟೇ ಹೇಳಿ. ಆಮೇಲೆ ಅವರ ಹೆಬ್ಬೆರಳು ನೋಡಿ. ಎಲ್ಲಿ ನಿಂತಿತು, ಎಲ್ಲಿ ಎರಡು ಸಲ ಒತ್ತಿತು, ಎಲ್ಲಿ ಫೋನ್ ದೂರ ಹಿಡಿದರು. ದೂರ ಹಿಡಿದರೆ ನಿಮ್ಮ ಅಕ್ಷರ ಸಣ್ಣದು ಅಂತ ಅರ್ಥ. ಏಪ್ರಿಲ್ ಬಿಸಿಲಲ್ಲಿ ಪರದೆ ಕಾಣುತ್ತಾ ನೋಡಿ. ಜಗಳೂರು ಬಸ್ಸಲ್ಲಿ ಒಂದು ಕೈ ಕಂಬಿ ಹಿಡಿದು ನಿಂತವರು ಇನ್ನೊಂದು ಕೈಯಲ್ಲಿ, ನೆಟ್‌ವರ್ಕ್ ಇಲ್ಲದೆ ಆಡಬಹುದಾ ನೋಡಿ.

ಕ್ಯಾಶುಯಲ್ ಗೇಮ್ ಅಂದ್ರೆ ಸುಲಭದ ಗೇಮ್ ಅಂತಾನಾ?

ಅಲ್ಲ. ಯಾರು ಬೇಕಾದರೂ ತಕ್ಷಣ ಕೂತು ಆಡಬಹುದಾದ ಗೇಮ್ ಅಂತ ಅಷ್ಟೇ. 2013ರ ಫ್ಲಾಪಿ ಬರ್ಡ್ ನೆನಪಿದೆಯಾ? ಎರಡು ಕಂಬ ದಾಟುವುದರಲ್ಲಿ ಹಕ್ಕಿ ಬೀಳುತ್ತಿತ್ತು. ಆದರೂ ಮಾಡಿದವರೇ 2014ರ ಫೆಬ್ರವರಿಯಲ್ಲಿ ಅದನ್ನು ತೆಗೆದುಹಾಕುವ ತನಕ ಜನ ಹುಚ್ಚೆದ್ದು ಆಡಿದರು. ಪರದೆ ತಟ್ಟಿ ಹಕ್ಕಿ ಹಾರಿಸುವುದು, ಮಾಡಬೇಕಾದ್ದು ಇದೊಂದೇ ಕೆಲಸ, ಅದು ಎಲ್ಲರಿಗೂ ಅರ್ಥವಾಗುತ್ತಿತ್ತು. ಸತ್ತ ತಕ್ಷಣ ಮತ್ತೆ ಶುರು. ಎಲ್ಲರೂ ಬೀಳುತ್ತಿದ್ದರಿಂದ ಬೀಳುವುದರಲ್ಲಿ ನಾಚಿಕೆ ಇರಲಿಲ್ಲ.

ಒನಕೆ ಓಬವ್ವನ ಮೇಲೆ ಗೇಮ್ ಮಾಡ್ಬೇಕು ಅಂತಿದೀವಿ. ಅಜ್ಜಿಯಿಂದ ಮೊಮ್ಮಗಳ ತನಕ ಎಲ್ಲರೂ ಆಡೋ ಥರ ಹೇಗೆ?

ಚಿತ್ರದುರ್ಗದ ಹುಡುಗರು ವರ್ಷಕ್ಕೆ ಒಬ್ಬರಾದರೂ ಈ ಪ್ರಶ್ನೆ ತರುತ್ತಾರೆ. ಜೊತೆಗೆ ಇಡೀ ಏಳು ಸುತ್ತಿನ ಕೋಟೆಯ ಮ್ಯಾಪ್, ಮೂವತ್ತು ಆಯುಧ, ಕುದುರೆ ಸವಾರಿ ಎಲ್ಲ ಇರುವ ಪ್ಲಾನ್ ಕೂಡ. ಅದನ್ನೆಲ್ಲ ಪಕ್ಕಕ್ಕಿಡಿ. ಕೋಟೆ ಹತ್ತಿ ಕಿಂಡಿ ಎದುರು ಹತ್ತು ನಿಮಿಷ ನಿಂತು ನೋಡಿ. ಕಿಂಡಿಯೇ ಅರ್ಧ ಗೇಮ್ ಮಾಡಿ ಕೊಟ್ಟಿದೆ.

ಒಂದು ಸಲಕ್ಕೆ ಒಬ್ಬನೇ ನುಸುಳಬಲ್ಲ ಸಂದಿ. ಅಂದರೆ ಶತ್ರು ಒಬ್ಬೊಬ್ಬನಾಗಿಯೇ ಬರುತ್ತಾನೆ. ಓಬವ್ವ ನಿಂತ ಜಾಗ ಬಿಟ್ಟು ಅಲ್ಲಾಡಬೇಕಿಲ್ಲ, ಹಾಗಾಗಿ ಕ್ಯಾಮೆರಾ ತಿರುಗಿಸುವ ತಲೆನೋವೇ ಇಲ್ಲ. ಆಯುಧ ಒಂದೇ, ಒನಕೆ. ತಲೆ ಹೊರಗೆ ಬಂದ ಹೊತ್ತಿಗೆ ಸರಿಯಾಗಿ ಪರದೆ ಮುಟ್ಟಬೇಕು. ಬೇಗ ಮುಟ್ಟಿದರೆ ಅವನು ಹಿಂದಕ್ಕೆ ಸರಿಯುತ್ತಾನೆ, ತಡವಾದರೆ ಒಳಗೆ ಬರುತ್ತಾನೆ. ಹಿಂದಿನವನಿಗೆ ಗೊತ್ತಾಗಬಾರದು, ಹಾಗಾಗಿ ಬಿದ್ದವನನ್ನ ಪಕ್ಕಕ್ಕೆ ಎಳೀಬೇಕು. ಅದಕ್ಕೆ ಬೆರಳು ಜಾರಿಸುವುದು. ಮುಟ್ಟು, ಎಳಿ, ಮುಟ್ಟು, ಎಳಿ. ಇದೇ ಲಯ ಹಿಡಿಯಿತು ಅಂದರೆ ಅಜ್ಜಿಯೂ ಆಡುತ್ತಾರೆ. ಕಿವಿಗೂ ಕೆಲಸ ಕೊಡಿ. ಕಲ್ಲಿಗೆ ಬಟ್ಟೆ ಉಜ್ಜುವ ಸದ್ದು ಕೇಳಿಸಿದರೆ ಯಾರೋ ಬರುತ್ತಿದ್ದಾನೆ ಅಂತ ಲೆಕ್ಕ.

ಗಂಡ ಊಟಕ್ಕೆ ಬಂದದ್ದು, ಅವಳು ನೀರು ತರೋಕೆ ಹೋದದ್ದು, ಹೈದರಾಲಿಯ ಸೈನಿಕರನ್ನ ಕಂಡದ್ದು, ಈ ಕಥೆ ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. ಐದು ನಿಮಿಷದ ಪೀಠಿಕೆ ವಿಡಿಯೊ ಹಾಕಬೇಡಿ. ನೀರಿನ ಕೊಡ ಕೆಳಗಿಡುವುದೇ ಸ್ಟಾರ್ಟ್ ಬಟನ್ ಆಗಲಿ. ರಕ್ತ ಬೇಡ, ನೆರಳಿನ ಆಕೃತಿಗಳಲ್ಲಿ ತೋರಿಸಿ. ಸೋತರೆ ಮೊದಲಿಂದ ಶುರು ಮಾಡಿಸಬೇಡಿ, ಕೊನೆಯ ಸೈನಿಕನಿಂದ ಸಾಕು. ಕುದುರೆ ಸವಾರಿ ಎರಡನೇ ಗೇಮ್‌ಗೆ ಇರಲಿ.

ಜನ ದಿನಾ ವಾಪಸ್ ಬರೋ ಹಾಗೆ ಮಾಡೋಕೆ ನೋಟಿಫಿಕೇಶನ್, ಬಹುಮಾನ ಹಾಕ್ಬೇಕಾ?

"ನೀವು ಇವತ್ತು ಬಂದಿಲ್ಲ, ನಿಮ್ಮ ಸರಣಿ ಮುರೀತು" ಅಂತ ಬೆದರಿಸುವ ಗೇಮನ್ನ ಒಲ್ಲದ ಮನಸ್ಸಿನವರು ಮೊದಲು ಡಿಲೀಟ್ ಮಾಡುತ್ತಾರೆ. 2021ರ ವರ್ಡಲ್ ನೋಡಿ. ದಿನಕ್ಕೆ ಒಂದೇ ಪದ, ಅದನ್ನು ಊಹಿಸೋಕೆ ಆರು ಅವಕಾಶ, ಮುಗಿದರೆ ನಾಳೆ ಬನ್ನಿ. ಜೋಶ್ ವಾರ್ಡಲ್ ಮೊದಲು ತನ್ನ ಸಂಗಾತಿಗೋಸ್ಕರ ಮಾಡಿದ ಆಟ. ಜಾಹೀರಾತು ಇರಲಿಲ್ಲ. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಬಿಟ್ಟು ಹೋಗೋಕೆ ಬಿಟ್ಟದ್ದಕ್ಕೇ ಜನ ವಾಪಸ್ ಬಂದರು ಅಂತ ನನ್ನ ಲೆಕ್ಕ.

ದುಡ್ಡು ಕಟ್ಟಿ ಗೆಲ್ಲುವ ಆನ್‌ಲೈನ್ ಆಟಗಳ ಬಗ್ಗೆ ಕೇಳಬೇಡಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾನೂನು ಅವನ್ನು ನಿಷೇಧಿಸಿದೆ. ಹಿರಿಯರಿಗೆ ಫೋನ್ ಕೊಡುವ ಮೊದಲು ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿಡಿ. ಅರ್ಧ ಪರದೆಯ ಜಾಹೀರಾತಿನಲ್ಲಿ ಮುಚ್ಚುವ ಗುರುತು ಎಲ್ಲಿದೆ ಅಂತ ನನಗೇ ಎಷ್ಟೋ ಸಲ ಕಾಣುವುದಿಲ್ಲ.

ಕರೆಂಟ್ ಹೋದ್ರೆ?

ಹೊಸಬರು ಕಷ್ಟಪಟ್ಟು ದಾಟಿದ ಲೆವೆಲ್ ಕರೆಂಟ್ ಜೊತೆ ಹೋದರೆ ಎರಡನೇ ಸಲ ಅದನ್ನೇ ಆಡುವುದಿಲ್ಲ. ಆಡಿದ್ದನ್ನ ತಾನೇ ಉಳಿಸಿಕೊಳ್ಳುವ, ಅಂದರೆ ಆಟೊಸೇವ್ ಇರುವ ಗೇಮ್ ಹಾಕಿ, ಮೂಲೆಯಲ್ಲಿ ಸೇವ್ ಗುರುತು ಸುತ್ತುತ್ತಾ ಅಂತ ಗಮನಿಸಿ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ಲ್ಯಾಪ್‌ಟಾಪ್, ಫೋನ್ ಗೇಮ್‌ಗಳೇ ವಾಸಿ. ಟಿವಿ, ಕನ್ಸೋಲ್ ಎರಡನ್ನೂ ಒಂದೇ ಯುಪಿಎಸ್‌ಗೆ ಹಾಕಿದ್ದರೆ ಎಷ್ಟು ನಿಮಿಷ ತಡೆಯುತ್ತದೆ ಅಂತ ನೆಂಟರು ಬರುವ ಮೊದಲೇ ಒಮ್ಮೆ ಪ್ಲಗ್ ಕಿತ್ತು ನೋಡಿಕೊಳ್ಳಿ.